ಹಣ್ಣು ಮಾಗಿದ್ದರೆ ಸಕ್ಕರೆ ಯಾಕೆ?

ಎಲ್ಲರಿಗೂ ನಮಸ್ಕಾರ. ಇವತ್ತು ರಾಗಿ ಅಂಬಲಿ ಮಾಡಿ ತೋರಿಸುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ, ಸಪೋಟ ಸ್ಮೂದಿ ವಿಡಿಯೊ ಕೆಳಗೆ ಬಂದಿರುವ ಒಂದು ಕಾಮೆಂಟ್. "ಮೇಡಂ, ಎಲ್ಲಾ ಚೆನ್ನಾಗಿದೆ, ಆದರೆ ಸಕ್ಕರೆ ಹಾಕೋದು ಮರೆತುಬಿಟ್ಟಿದ್ದೀರಿ." ಅದಕ್ಕೆ ಲೈಕ್ ಮೇಲೆ ಲೈಕ್ ಬಿದ್ದಿದೆ.

ನಾನು ಮರೆತಿಲ್ಲ. ಬೇಕಂತಲೇ ಹಾಕಿಲ್ಲ. ಸಪೋಟಕ್ಕೆ ಸಕ್ಕರೆ ಹಾಕುವುದು ಅಂದರೆ ಸಮುದ್ರಕ್ಕೆ ಉಪ್ಪು ಸುರಿದ ಹಾಗೆ. ಹಣ್ಣು ಮಾಗಿದ್ದರೆ ಸಕ್ಕರೆ ಯಾಕೆ?

ಮೊದಲು ಆ ಸಪೋಟದ ವಿಷಯವನ್ನೇ ಮುಗಿಸೋಣ. ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಅದಿನ್ನೂ ಬಲಿತಿಲ್ಲ. ಬಲಿತದ್ದನ್ನು ತಂದು, ಬೆರಳಿಗೆ ಮೆತ್ತಗೆ ಸಿಗುವವರೆಗೂ ಅಡುಗೆಮನೆ ಕಟ್ಟೆ ಮೇಲೆ ಬಿಡಿ. ಗಟ್ಟಿ ಇರುವಾಗಲೇ ಫ್ರಿಜ್ಜಿಗೆ ತಳ್ಳಬೇಡಿ, ಅಲ್ಲಿ ಅದು ಸರಿಯಾಗಿ ಹಣ್ಣಾಗುವುದಿಲ್ಲ. ಆಮೇಲೆ ಬೀಜ ತೆಗೆದ 3 ಹಣ್ಣು, ಕಾಯಿಸಿ ಆರಿಸಿ ತಣ್ಣಗಿಟ್ಟ ಹಾಲು ಒಂದು ಲೋಟ, ಒಂದು ಚಿಟಿಕೆ ಏಲಕ್ಕಿ ಪುಡಿ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಮುಗಿಯಿತು. ಕುಡಿದು ನೋಡಿ, ಆಮೇಲೆ ಬಂದು ಸಕ್ಕರೆ ಬೇಕು ಅನ್ನಿ.

ಜ್ಯೂಸ್ ಅಂಗಡಿ ನಮ್ಮ ನಾಲಿಗೆ ಕೆಡಿಸಿದೆ. ನಿಂತು ನೋಡಿದ್ದೀರಾ? ಜಾರಿಗೆ ನಾಲ್ಕು ಚೂರು ಹಣ್ಣು, ಅರ್ಧ ಜಾರ್ ಐಸ್, ಅದರ ಮೇಲೆ ಬಾಟಲಿಯಿಂದ ಸಕ್ಕರೆ ಪಾಕ. ಐಸ್ ಕರಗಿ ನೀರಾಗುತ್ತದೆ, ರುಚಿ ತೆಳ್ಳಗಾಗುತ್ತದೆ. ಅದೂ ಅಲ್ಲದೆ, ತೀರಾ ತಣ್ಣಗಿರುವುದನ್ನು ಕುಡಿದಾಗ ನಾಲಿಗೆಗೆ ಸಿಹಿ ಕಡಿಮೆಯೇ ಗೊತ್ತಾಗುತ್ತದೆ. ಐಸ್‌ಕ್ರೀಮ್ ಕರಗಿದ ಮೇಲೆ ತಿಂದು ನೋಡಿ, ವಿಪರೀತ ಸಿಹಿ ಅನ್ನಿಸುತ್ತದೆ. ಐಸ್ ಹಾಕಿ ಸಿಹಿ ಕೊಂದು, ಆಮೇಲೆ ಪಾಕ ಸುರಿದು ಬದುಕಿಸುತ್ತಾರೆ. ಮನೆಯಲ್ಲೂ ನಾವು ಅದನ್ನೇ ಮಾಡಬೇಕಾ? ಮಾಗಿದ ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಐಸ್ ಬದಲು ಅದನ್ನೇ ಹಾಕಿ. ತಂಪೂ ಆಯಿತು, ದಪ್ಪವೂ ಆಯಿತು, ಸಿಹಿಯೂ ಬಂತು. ಏಲಕ್ಕಿ ಬಾಳೆಯಾದರೆ ಇನ್ನೂ ಒಳ್ಳೆಯದು. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂತು ಅಂತ ಎಸೆಯುತ್ತೀರಲ್ಲ, ಸ್ಮೂದಿಗೆ ಬೇಕಾಗಿರುವುದು ಅದೇ ಹಣ್ಣು. ಕಾಯಲ್ಲಿದ್ದ ಪಿಷ್ಟವೆಲ್ಲ ಅಷ್ಟು ಹೊತ್ತಿಗೆ ಸಕ್ಕರೆಯಾಗಿರುತ್ತದೆ. ಹಣ್ಣೇ ಆ ಕೆಲಸ ಮಾಡಿಟ್ಟಿದೆ. ನೀವು ಮೇಲಿಂದ ಇನ್ನೆಷ್ಟು ಹಾಕುತ್ತೀರಿ?

ಇನ್ನೊಬ್ಬರು ಬರೆದಿದ್ದಾರೆ, ಪಪ್ಪಾಯ ಸ್ಮೂದಿ ಕಹಿ ಬರುತ್ತದೆ, ಅದಕ್ಕೇ ಸಕ್ಕರೆ ಹಾಕುತ್ತೇವೆ ಅಂತ. ಕಹಿ ಯಾಕೆ ಬರುತ್ತದೆ ಅಂತ ಕೇಳಿದ್ದೀರಾ? ಪಪ್ಪಾಯದಲ್ಲಿ ಪಪೈನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಹೊತ್ತು ಹೋದಂತೆ ಕಹಿ ಏರುತ್ತದೆ. ಅನಾನಸ್‌ನಲ್ಲೂ ಬ್ರೊಮೆಲೈನ್ ಅಂತ ಇದೆ, ಅದರದ್ದೂ ಇದೇ ಕಥೆ. ಬೆಳಿಗ್ಗೆ ಮಾಡಿ ಮಧ್ಯಾಹ್ನ ಕುಡಿದರೆ ಕಹಿ ಬರದೆ ಇನ್ನೇನು ಬರುತ್ತದೆ? ಹಾಲು ಬಿಡಿ. ಪಪ್ಪಾಯಕ್ಕೆ ನಿಂಬೆರಸ, ಒಂದು ಚೂರು ಶುಂಠಿ, ನೀರು ಸಾಕು. ಹಾಲೇ ಬೇಕು ಅಂದರೆ ಮಾಡಿದ ತಕ್ಷಣ ಕುಡಿಯಿರಿ. ಕಿತ್ತಳೆಯನ್ನು ಬೀಜದ ಸಮೇತ ಮಿಕ್ಸಿಗೆ ಹಾಕಿದರೂ ಕಹಿ. ದಾಳಿಂಬೆಯನ್ನು ಜೋರಾಗಿ ರುಬ್ಬಿದರೆ ಬೀಜ ಪುಡಿಯಾಗಿ ಒಗರು. ಸ್ವಿಚ್ಚನ್ನು ಎರಡು ಸಲ ತಟ್ಟಿ ಬಿಟ್ಟರೆ ಸಾಕು, ರಸ ತಾನೇ ಬಿಡುತ್ತದೆ. ಇದೆಲ್ಲ ಮಾಡುವ ರೀತಿಯ ತಪ್ಪು. ಅದನ್ನು ಮುಚ್ಚಲು ಸಕ್ಕರೆ ಡಬ್ಬಿಗೆ ಕೈ ಹಾಕುತ್ತೀರಿ.

ಒಂದು ವಿಷಯ ಬರೆದಿಟ್ಟುಕೊಳ್ಳಿ, ಪೇಟೆಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಮಾವು, ಬಾಳೆ, ಸಪೋಟ, ಪಪ್ಪಾಯ, ಸೀಬೆ, ಇವು ಬಲಿತಿದ್ದರೆ ಮನೆಗೆ ತಂದ ಮೇಲೂ ಹಣ್ಣಾಗುತ್ತವೆ. ಜೊತೆಗೆ ಒಂದು ಮಾಗಿದ ಬಾಳೆಹಣ್ಣು ಇಟ್ಟು ಪೇಪರ್‌ನಲ್ಲಿ ಸುತ್ತಿದರೆ ಬೇಗ ಆಗುತ್ತವೆ. ಆ ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಪಕ್ಕದ ಕಾಯನ್ನೂ ಮಾಗಿಸುತ್ತದೆ. ಹಿಂದೆ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುತ್ತಿದ್ದದ್ದೂ ಇದಕ್ಕೇ. ಆದರೆ ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸ್, ಕಲ್ಲಂಗಡಿ ಹಾಗಲ್ಲ. ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಮನೆಯಲ್ಲಿಟ್ಟು ಕಾದರೆ ಬಾಡುತ್ತವೆ, ಸಿಹಿಯಾಗುವುದಿಲ್ಲ. ಅವನ್ನು ಅಂಗಡಿಯಲ್ಲೇ ಒಂದು ಚೂರು ತಿಂದು ನೋಡಿ ತನ್ನಿ. ನಾಚಿಕೆ ಯಾಕೆ, ದುಡ್ಡು ಕೊಡುವವರು ನೀವು ತಾನೇ?

ಮಾವು ಅಂದ ಕೂಡಲೇ ರಸಪುರಿ ನೆನಪಾಯಿತು. ಸೀಕರಣೆಗೆ ಅದನ್ನು ಬಿಟ್ಟರೆ ಬೇರೆ ಹಣ್ಣಿಲ್ಲ, ಬಾದಾಮಿ ಅಭಿಮಾನಿಗಳು ಬಂದು ಜಗಳ ಆಡಬಹುದು. ತೊಟ್ಟಿನ ಹತ್ತಿರ ಮೂಸಿ ನೋಡಿ. ಘಮ ಬಂದರೆ ತನ್ನಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷೇಧ. ಆದರೂ ಕದ್ದುಮುಚ್ಚಿ ಹಾಕುವವರಿದ್ದಾರೆ. ಆ ಹಣ್ಣು ಹೊರಗೆ ಹಳದಿ, ಒಳಗೆ ಹುಳಿ. ಅದಕ್ಕೆ ಸಕ್ಕರೆ ಸುರಿದು ಸೀಕರಣೆ ಅಂತ ಕರೆಯುತ್ತೇವೆ. ಒಳ್ಳೆಯ ರಸಪುರಿಗೆ ಏಲಕ್ಕಿ, ಹಾಲು, ಅಷ್ಟೇ. ಹಣ್ಣು ಮಾಗಿದ್ದರೆ ಸಕ್ಕರೆ ಯಾಕೆ ಸ್ವಾಮಿ?

ಬೆಲ್ಲದವರು ಬಂದೇ ಬರುತ್ತಾರೆ, ಗೊತ್ತು. "ನಾವು ಸಕ್ಕರೆ ಹಾಕಲ್ಲ, ಬೆಲ್ಲ ಹಾಕ್ತೀವಿ." ಅವರ ಹಿಂದೆಯೇ ಜೇನುತುಪ್ಪದವರು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಹೊರಗಿಂದ ಸೇರಿಸುವ ಸಕ್ಕರೆ, ಜೇನುತುಪ್ಪ, ಪಾಕ, ಕೊನೆಗೆ ಹಣ್ಣಿನ ರಸದೊಳಗಿನ ಸಕ್ಕರೆ, ಎಲ್ಲಾ ಒಂದೇ ಲೆಕ್ಕ. ಇದೆಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಅಂದರೆ ಆರು ಟೀ ಚಮಚ. ಬೆಳಿಗ್ಗೆ ಕಾಫಿಗೆ ಎರಡು, ಸಂಜೆ ಟೀಗೆ ಎರಡು. ಉಳಿದದ್ದೆಷ್ಟು? ಹಣ್ಣಿನ ರಸವನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಾರೆ ಅಂದರೆ ಸೋಸಿ ನಾರು ಬಿಸಾಡಬೇಡಿ ಅಂತಲೇ ಅರ್ಥ ಮಾಡಿಕೊಳ್ಳಿ. ಸ್ಮೂದಿಯನ್ನು ಸೋಸಬಾರದು. ಶುಗರ್ ಇರುವವರು ಸ್ಮೂದಿಯ ವಿಷಯದಲ್ಲೂ ಡಾಕ್ಟರನ್ನು ಕೇಳಿಕೊಳ್ಳಿ, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ.

"ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಜ್ಯೂಸ್ ನೂರಕ್ಕೆ ನೂರು ಹಣ್ಣು ತಾನೇ?" ಅಂತಲೂ ಒಬ್ಬರು ಕೇಳಿದ್ದಾರೆ. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅದೇ ಎಫ್‌ಎಸ್‌ಎಸ್‌ಎಐ, ಆ "100% ಹಣ್ಣಿನ ರಸ" ಅನ್ನುವ ಮಾತನ್ನೇ ಲೇಬಲ್‌ನಿಂದ ತೆಗೆಯಿರಿ ಅಂತ ಕಂಪನಿಗಳಿಗೆ ಹೇಳಿತು. ಅದರ ಬಗ್ಗೆ ಬೇರೆ ವಿಡಿಯೊ ಮಾಡುತ್ತೇನೆ. ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಈಗಲೇ ಮಾಡಿ, ಆಮೇಲೆ ಅಂದರೆ ಮರೆತೇಹೋಗುತ್ತದೆ.

ಹುಳಿ ಹಣ್ಣಿಗೆ ಏನು ಮಾಡುವುದು ಅಂತೀರಾ? ಉಪ್ಪು ಇದೆಯಲ್ಲ! ನಿಂಬೆಹಣ್ಣಿಗೆ ಉಪ್ಪು, ಹುರಿದ ಜೀರಿಗೆ ಪುಡಿ. ಕರಾವಳಿಯವರು ಪುನರ್ಪುಳಿಯಲ್ಲಿ ಸಾರು ಮಾಡಿ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾರೆ. ಮಜ್ಜಿಗೆಗೆ ಶುಂಠಿ, ಕರಿಬೇವು, ಇಂಗು. ಬೇಸಿಗೆಗೆ ಇದಕ್ಕಿಂತ ಏನು ಬೇಕು? ರಾಮನವಮಿ ಪಾನಕದ ಸುದ್ದಿಗೆ ನಾನು ಬರುವುದಿಲ್ಲ. ಅದು ಹಬ್ಬ. ಹಬ್ಬದ ದಿನ ಬೆಲ್ಲ ಹಾಕಿ ಕುಡಿಯಿರಿ, ನನಗೂ ಒಂದು ಲೋಟ ಇಡಿ. ನೀವು ದಿನಾ ರಾಮನವಮಿ ಮಾಡುತ್ತಿದ್ದೀರಿ, ನನ್ನ ತಕರಾರು ಅದು.

"ಮಕ್ಕಳು ಕುಡಿಯಲ್ಲ ಮೇಡಂ." ಯಾಕೆ ಕುಡಿಯಲ್ಲ? ಹುಟ್ಟುವಾಗ ಮಗು ಮಿಲ್ಕ್‌ಶೇಕ್ ಕೇಳಿತ್ತಾ? ಅಭ್ಯಾಸ ಮಾಡಿಸಿದ್ದು ನಾವು. ಬಿಡಿಸುವುದೂ ನಾವೇ. ಇವತ್ತು ಒಂದು ಚಮಚ ಕಡಿಮೆ ಮಾಡಿ, ಮುಂದಿನ ವಾರ ಇನ್ನೊಂದು. ಒಂದು ಖರ್ಜೂರ ನೆನೆಸಿ ಹಾಕಿ, ಆಮೇಲೆ ಅದನ್ನೂ ಬಿಡಿ. ಮಗುವಿನ ಕೈಗೇ ಹಣ್ಣು ಕೊಟ್ಟು ಮೂಸಲು ಹೇಳಿ. ಯಾವುದು ಮಾಗಿದೆ ಅಂತ ಅದೇ ಆರಿಸಲಿ. ತಾನೇ ಆರಿಸಿದ್ದನ್ನು ಕುಡಿಯದೆ ಇರುತ್ತದಾ?

"ಒಂದೇ ಚಮಚ ಅಲ್ವಾ" ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಒಂದೇ ಚಮಚ ಯಾಕೆ, ಅದನ್ನು ಹೇಳಿ! ಹಣ್ಣು ಮಾಗಿದೆ. ಘಮ ಬರುತ್ತಿದೆ. ಬಾಯಲ್ಲಿಟ್ಟರೆ ಕರಗುತ್ತದೆ. ಸುಮ್ನೆ ತಿಂದರೆ ಆಹಾ ಅನ್ನುತ್ತೀರಿ, ಅದೇ ಹಣ್ಣು ಜಾರಿಗೆ ಬಿದ್ದ ತಕ್ಷಣ ಸಪ್ಪೆ ಆಗಿಬಿಡುತ್ತದಾ? ಸಕ್ಕರೆ ಯಾಕೆ? ಯಾಕೆ ಬೇಕು ಸಕ್ಕರೆ?

ಈ ವಾರ ಒಂದು ಸಲ ಸಕ್ಕರೆ ಇಲ್ಲದೆ ಮಾಡಿ. ಯಾವ ಹಣ್ಣು, ಹೇಗೆ ಬಂತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಫೋಟೊ ಇದ್ದರೆ ಕಮ್ಯುನಿಟಿ ಪುಟದಲ್ಲಿ ಹಾಕೋಣ. ಮುಂದಿನ ವಾರ ಅಂಬಲಿ, ಈ ಸಲ ಖಂಡಿತ. ರಾಗಿ ಹಿಟ್ಟು, ಮಜ್ಜಿಗೆ, ಸಣ್ಣ ಈರುಳ್ಳಿ ತಂದಿಟ್ಟುಕೊಳ್ಳಿ.