ದೊಡ್ಡಮ್ಮನ ಅಡಿಕೆ, ನನ್ನ ನೂರು ಮರ

ಕೇಳುಗರೇ, ನಮಸ್ಕಾರ.

ತೀರ್ಥಹಳ್ಳಿ ಕಡೆ ಅಡಿಕೆ ಆರಿಸುವುದನ್ನು ನೋಡಿದ್ದೀರಿ ಅಲ್ವಾ? ನಮ್ಮ ದೊಡ್ಡಮ್ಮ ಒಂದು ಅಡಿಕೆ ಎತ್ತಿ ಬೆರಳಲ್ಲಿ ತಿರುಗಿಸುತ್ತಾರೆ, ಅಷ್ಟೇ. ಇದು ಸರಕು, ಇದು ಬೆಟ್ಟೆ, ಇದು ಬಲಿತದ್ದು, ಗೊರಬಲು ಅಂತ ಬೇರೆ ಬೇರೆ ಗುಪ್ಪೆಗೆ ಎಸೆಯುತ್ತಾರೆ. ಹೇಗೆ ಗೊತ್ತಾಯ್ತು ಅಂದರೆ, "ನೋಡಿದ್ರೆ ಗೊತ್ತಾಗಲ್ವನಾ?" ಅನ್ನುತ್ತಾರೆ.

ಇದನ್ನು ಕಂಪ್ಯೂಟರಿಗೆ ಕಲಿಸೋಣ ಅಂತ ಹೋದ ಮಳೆಗಾಲದಲ್ಲಿ ಕೂತೆ. ಸುಗ್ಗಿಯಲ್ಲೇ ಮುನ್ನೂರು ಅಡಿಕೆಯ ತೂಕ, ಅಗಲ, ದಪ್ಪ, ಬಣ್ಣ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಆರಿಸಿಕೊಂಡ ವಿಧಾನದ ಹೆಸರು ರ್‍ಯಾಂಡಮ್ ಫಾರೆಸ್ಟ್. ಲಿಯೋ ಬ್ರೈಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 2001ರಲ್ಲಿ ಈ ಹೆಸರಿನಲ್ಲೇ ವಿವರಿಸಿದ್ದು. ಮಲೆನಾಡಿನವನಿಗೆ ಕಾಡು ಅಂದರೆ ಸಾಕು, ಕೈ ಹಾಕಿಬಿಟ್ಟೆ.

ಇಲ್ಲಿ ಮರ ಅಂದರೆ ಪ್ರಶ್ನೆಗಳ ಮರ. ತೂಕ ಇಷ್ಟಕ್ಕಿಂತ ಕಮ್ಮಿಯಾ? ಹೌದಾದರೆ ಎಡಕ್ಕೆ, ಇಲ್ಲವಾದರೆ ಬಲಕ್ಕೆ. ಆಮೇಲೆ ಬಣ್ಣ. ಕೊನೆಗೆ ಎಲೆ ಸಿಗುತ್ತದೆ, ಅದರಲ್ಲಿ ಉತ್ತರ. ಆದರೆ ಒಂದೇ ಮರವಾದರೆ ಇದ್ದ ಅಡಿಕೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೊಸದು ಬಂದಾಗ ತಪ್ಪುತ್ತದೆ. ಹಾಗಾಗಿ ನೂರು ಮರ. ಪ್ರತಿ ಮರಕ್ಕೂ ಚೀಟಿ ಎತ್ತಿದ ಹಾಗೆ ಅಡಿಕೆ ಎತ್ತಿಕೊಡಬೇಕು, ಎತ್ತಿದ್ದನ್ನು ವಾಪಸ್ ಹಾಕಿ ಮತ್ತೆ ಎತ್ತಬೇಕು. ಮುನ್ನೂರು ಸಲ ಎತ್ತಿದರೂ ಒಂದು ಮರದ ಕಣ್ಣಿಗೆ ಬೀಳುವುದು ನೂರಕ್ಕೆ ಸುಮಾರು 63 ಅಡಿಕೆ ಮಾತ್ರ. ಉಳಿದವು ಆ ಮರದ ಪರೀಕ್ಷೆಗೆ. ಪ್ರತಿ ಕವಲಿನಲ್ಲೂ ಎಲ್ಲ ಗುಣ ತೋರಿಸುವುದಿಲ್ಲ, ಒಂದೆರಡನ್ನು ಮಾತ್ರ. ಕೊನೆಗೆ ಮರಗಳಿಂದ ಮತ ಹಾಕಿಸುವುದು, ಹೆಚ್ಚು ಮತ ಬಿದ್ದದ್ದೇ ಉತ್ತರ.

ಪ್ರೋಗ್ರಾಂ ಬರೆದದ್ದು ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಇದು ಟೈಪ್, ಅಂದರೆ ಯಾವ ಜಾಗದಲ್ಲಿ ಯಾವ ಬಗೆಯ ಮಾಹಿತಿ ಇರಬೇಕು ಎಂಬ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಡಬ್ಬಿಯ ಮೇಲೆ ಉಪ್ಪು ಅಂತ ಬರೆದರೆ ಒಳಗೆ ಸಕ್ಕರೆ ಹಾಕಲು ಬಿಡುವುದಿಲ್ಲ. ಮರ ಅಂದರೆ ಒಂದೋ ಎಲೆ, ಇಲ್ಲಾ ಎರಡು ಮರ ಇರುವ ಕವಲು ಅಂತ ಬರೆದೆ. ತಕ್ಷಣ ತಕರಾರು: ಮರದೊಳಗೆ ಮರ, ಅದರೊಳಗೆ ಮತ್ತೆ ಮರ, ಜಾಗ ಎಷ್ಟು ಬೇಕು ಅಂತ ಹೇಗೆ ಲೆಕ್ಕ ಹಾಕಲಿ? ಒಳಗಿನ ಮರವನ್ನು ಬೇರೆ ಕಡೆ ಇಟ್ಟು ವಿಳಾಸ ಮಾತ್ರ ಕೊಟ್ಟ ಮೇಲೆ ಸುಮ್ಮನಾಯಿತು.

ಆಮೇಲೆ ತೂಕಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಲು ಹೋದೆ. ಆಗುವುದಿಲ್ಲ ಅಂತು! ದಶಾಂಶ ಸಂಖ್ಯೆಗಳ ನಡುವೆ "ಸಂಖ್ಯೆಯೇ ಅಲ್ಲ" ಎಂಬುದೊಂದು ಇರಬಹುದು, ಅದು ಯಾರಿಗಿಂತ ದೊಡ್ಡದು, ನೀನೇ ಹೇಳು ಅಂತ. ಸಿಟ್ಟು ಬಂತು. ಸುಮ್ನೆ ನೋಟ್‌ಬುಕ್ ತೆರೆದು ನೋಡಿದರೆ ಎರಡು ಕಡೆ ತೂಕದ ಜಾಗ ಖಾಲಿ. ಪೆನ್ನು ಇಟ್ಟು ಕಾಫಿ ಕುಡಿಯಲು ಎದ್ದು ಹೋಗಿರಬೇಕು.

ಇಷ್ಟೆಲ್ಲ ಕೇಳುವ ಭಾಷೆ ಅಂತ ಪೂರ್ತಿ ನಂಬಿದೆ ನೋಡಿ, ಅಲ್ಲೇ ಜಾರಿದ್ದು. ಪ್ರೋಗ್ರಾಂ ಓಡಿತು. ಯಾವ ಅಡಿಕೆ ಕೊಟ್ಟರೂ ನೂರಕ್ಕೆ ನೂರು ಮತ. ಮೊದಲು ಖುಷಿಯಾಯಿತು. ಆಮೇಲೆ ಅನುಮಾನ. ಒಬ್ಬರೂ ಅಡ್ಡ ಮಾತಾಡದ ಊರು ಎಲ್ಲಾದರೂ ಇದೆಯಾ? ಹುಡುಕಿದರೆ, ಚೀಟಿ ಎತ್ತುವ ಲೆಕ್ಕವನ್ನು ಪ್ರತಿ ಮರಕ್ಕೂ ಅದೇ ಆರಂಭದ ಸಂಖ್ಯೆಯಿಂದ ಶುರು ಮಾಡಿದ್ದೆ. ಎಲ್ಲ ಮರಕ್ಕೂ ಅವೇ ಅಡಿಕೆ, ಅವೇ ಗುಣ. ಒಂದೇ ಮರವನ್ನು ನೂರು ಸಲ ನೆಟ್ಟಿದ್ದೆ. ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯೇ ಇತ್ತಲ್ಲ, ರಸ್ಟ್ ಯಾಕೆ ಬಾಯಿ ಬಿಟ್ಟೀತು?

ಸಾಲು ಸರಿಮಾಡಿದ ಮೇಲೆ ಮರಗಳು ಜಗಳ ಶುರು ಮಾಡಿದವು. ಒಂದು ಅಡಿಕೆಗೆ ಬೆಟ್ಟೆ ಅಂತ 52, ಗೊರಬಲು ಅಂತ 48. ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟು ಯಾವುದು ಅಂತ ಕೇಳಿದೆ. ತಿರುಗಿಸಿ ನೋಡಿದರು, ಇನ್ನೊಮ್ಮೆ ತಿರುಗಿಸಿದರು. ಕೊನೆಗೆ ಅಡಕತ್ತರಿ ತೆಗೆದು ಎರಡು ಹೋಳು ಮಾಡಿ, ಸುಣ್ಣ ಸವರಿದ ಎಲೆಯ ಜೊತೆ ಬಾಯಿಗೆ ಹಾಕಿಕೊಂಡರು.

ನಮಸ್ಕಾರ.