ಮೂವತ್ತನೇ ಮಹಡಿಯಿಂದ ಓಡುವುದು ಎಲ್ಲಿಗೆ?

[ದೃಶ್ಯ: ಲೋವರ್ ಪರೇಲ್‌ನ ಟವರ್‌ಗಳು, ಅವುಗಳ ಬುಡದಲ್ಲಿ ಹಳೇ ಚಾಳಿನ ಹೆಂಚಿನ ಮಾಡು]

ನಮಸ್ಕಾರ. ಮುಂಬೈ ಅಗ್ನಿಶಾಮಕ ದಳದ ಹತ್ತಿರ 90 ಮೀಟರ್ ಎತ್ತರಕ್ಕೆ ಹೋಗುವ ಏಣಿ ಇದೆ. ಇಲ್ಲಿ ಕಾಣುತ್ತಿರುವ ವರ್ಲ್ಡ್ ಒನ್ ಕಟ್ಟಡದ ಎತ್ತರ 280 ಮೀಟರ್. ಉಳಿದ ಲೆಕ್ಕ ನೀವೇ ಹಾಕಿ. ಅದೂ ಏಣಿಯ ಗಾಡಿ ಟ್ರಾಫಿಕ್ ದಾಟಿ, ಗೇಟಿನ ಮುಂದೆ ನಿಲ್ಲಿಸಿದ ಕಾರುಗಳನ್ನು ಸರಿಸಿ ಒಳಗೆ ಬಂದ ಮೇಲಿನ ಮಾತು.

ಹಾಗಾಗಿ ಬೆಂಕಿಯಿಂದ ತಪ್ಪಿಸಿಕೊಳ್ಳುವ ದಾರಿ ಕಟ್ಟಡದ ಒಳಗೇ ಇರಬೇಕು. ಕಟ್ಟುವಾಗ ಇಟ್ಟಿರುತ್ತಾರೆ. ಆಮೇಲೆ ಮುಚ್ಚುವವರು ನಾವು.

ರೀಡೆವಲಪ್‌ಮೆಂಟ್ ಆಗಿ, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿದ ಮೇಲೆ, ಸಾಲು ಮನೆಗಳ ಚಾಳಿನಿಂದ ಟವರಿಗೆ ಹೋದ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಚಾಳಿನಲ್ಲಿ ಬಾಗಿಲು ತೆಗೆದರೆ ಉದ್ದ ಗ್ಯಾಲರಿ. ಹೊಗೆ ಹಾಗೇ ಹೊರಗೆ ಹೋಗುತ್ತಿತ್ತು. ಮರದ ಮೆಟ್ಟಿಲಿನ ಭಯ ಇತ್ತು, ಅದು ಬೇರೆ ವಿಷಯ. ಟವರಿನಲ್ಲಿ ಸುತ್ತಲೂ ಗೋಡೆ. ಇಲ್ಲಿ ಬೆಂಕಿಗಿಂತ ಮೊದಲು ಬರುವುದು ಹೊಗೆ. 2017ರ ಡಿಸೆಂಬರ್ 29ರಂದು ಇಲ್ಲೇ ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದ ಪಬ್‌ನಲ್ಲಿ ಬೆಂಕಿ ಬಿದ್ದು 14 ಜನ ಸತ್ತರಲ್ಲ, ಅವರಲ್ಲಿ ಹೆಚ್ಚಿನವರ ಜೀವ ತೆಗೆದದ್ದು ಉಸಿರುಗಟ್ಟಿಸುವ ಹೊಗೆ. ತಪ್ಪಿಸಿಕೊಳ್ಳಲು ಹಲವರು ಬಾತ್‌ರೂಮಿಗೆ ಹೋಗಿದ್ದರು.

[ದೃಶ್ಯ: ಮೆಟ್ಟಿಲಿನ ಬಾಗಿಲು, ಅದಕ್ಕೆ ಅಡ್ಡ ಕೊಟ್ಟ ಇಟ್ಟಿಗೆ]

ಈ ಬಾಗಿಲು ನೋಡಿ. ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಸುಮ್ನೆ ಹಾಗೆ ಮಾಡಿದ್ದಲ್ಲ. ಬಿಸಿ ಹೊಗೆ ಮೇಲಕ್ಕೇ ಏರುತ್ತದೆ. ಬಾಗಿಲು ತೆರೆದಿದ್ದರೆ ಐದನೇ ಮಹಡಿಯ ಹೊಗೆ ಮೆಟ್ಟಿಲು ಹಿಡಿದು ಇಪ್ಪತ್ತನೇ ಮಹಡಿಗೆ ಹೋಗುತ್ತದೆ. ಬಚ್ಚಲ ಒಲೆಯ ಹೊಗೆಕೊಳವೆ ಮಾಡುವ ಕೆಲಸವೇ ಇದು. ಎಷ್ಟೋ ಹೊಸ ಕಟ್ಟಡಗಳಲ್ಲಿ ದೊಡ್ಡ ಫ್ಯಾನಿನಿಂದ ಮೆಟ್ಟಿಲಿಗೆ ಗಾಳಿ ತುಂಬುತ್ತಾರೆ. ಒಳಗೆ ಒತ್ತಡ ಜಾಸ್ತಿ ಇದ್ದರೆ ಹೊಗೆ ನುಗ್ಗುವುದಿಲ್ಲ. ನಾವೋ, ಕಸದವರಿಗೆ ಅನುಕೂಲ ಅಂತ ಆ ಬಾಗಿಲಿಗೆ ಇಟ್ಟಿಗೆ ಕೊಡುತ್ತೇವೆ! ಫ್ಯಾನು ಊದಿದ್ದೆಲ್ಲ ಸೋರಿ ಹೋಗುತ್ತದೆ. ಇನ್ನು ಚಪ್ಪಲಿ ಸ್ಟ್ಯಾಂಡ್, ಮಗುವಿನ ಹಳೇ ಸೈಕಲ್, ಗಣಪತಿ ಹಬ್ಬದ ಅಲಂಕಾರದ ಸಾಮಾನು, ಎಲ್ಲಾ ಮೆಟ್ಟಿಲ ಮೇಲೆ. ಹೊಗೆಯಲ್ಲಿ ಕಣ್ಣು ಕಾಣದಾಗ ಇವೇ ಕಾಲಿಗೆ ಸಿಕ್ಕುವುದು.

ಎತ್ತರದ ಕಟ್ಟಡಗಳಲ್ಲಿ ಕೆಲವು ಮಹಡಿಗೊಮ್ಮೆ ರೆಫ್ಯೂಜ್ ಏರಿಯಾ ಇರುತ್ತದೆ. ಹೊರಗಿನ ಗಾಳಿಗೆ ತೆರೆದ ಜಾಗ. ಮಂಡಿನೋವಿನ ಅಜ್ಜಿ ಮೂವತ್ತು ಮಹಡಿ ಇಳಿಯಬೇಕಾಗಿಲ್ಲ. ಅಲ್ಲಿಯವರೆಗೆ ಬಂದು ಕಾಯಬಹುದು. ಅದಕ್ಕೆ ಬೀಗ ಹಾಕಿ ಗೋದಾಮು ಮಾಡಿಕೊಂಡ ಸೊಸೈಟಿಗಳೂ ಇವೆ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ಲಿಫ್ಟ್ ಬೇಡ ಅನ್ನುವುದು ಎಲ್ಲರಿಗೂ ಗೊತ್ತು, ಅಲ್ವಾ? ಮೆಟ್ಟಿಲಲ್ಲೇ ದಟ್ಟ ಹೊಗೆ ಇದ್ದರೆ ಏನು ಮಾಡಬೇಕು ಅನ್ನುವುದು ಅಷ್ಟು ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಬೆಂಕಿ ಇಲ್ಲದಿದ್ದರೆ ವಾಪಸ್ ಮನೆಗೇ ಬನ್ನಿ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿಗೆ ಹೋಗಿ. 101ಕ್ಕೆ ಫೋನ್ ಮಾಡಿ ಮಹಡಿ, ಫ್ಲ್ಯಾಟ್ ನಂಬರ್ ಹೇಳಿ.

[ದೃಶ್ಯ: ಸೊಸೈಟಿಯ ನೋಟಿಸ್ ಬೋರ್ಡ್]

ಮಹಾರಾಷ್ಟ್ರದಲ್ಲಿ 2006ರ ಅಗ್ನಿ ಸುರಕ್ಷತಾ ಕಾಯ್ದೆ ಇದೆ. ಅದರ ಪ್ರಕಾರ ಬೆಂಕಿ ಆರಿಸುವ ವ್ಯವಸ್ಥೆ ಸರಿ ಇದೆ ಅಂತ ಲೈಸೆನ್ಸ್ ಇರುವ ಏಜೆನ್ಸಿಯಿಂದ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಪ್ರಮಾಣಪತ್ರ ಪಡೆದು ಸೊಸೈಟಿ ಅಗ್ನಿಶಾಮಕ ದಳಕ್ಕೆ ಕೊಡಬೇಕು. ಅದರ ಹೆಸರು ಫಾರ್ಮ್ ಬಿ. ಮುಂದಿನ ಮೀಟಿಂಗಿನಲ್ಲಿ ಸೆಕ್ರೆಟರಿ ಹತ್ತಿರ ಅದನ್ನು ತೋರಿಸಿ ಅಂತ ಕೇಳಿ. ಮೊದಲು ಬಾಗಿಲ ಹೊರಗಿನ ನಿಮ್ಮ ಚಪ್ಪಲಿ ಸ್ಟ್ಯಾಂಡ್ ಒಳಗಿಟ್ಟು ಹೋಗಿ, ಇಲ್ಲದಿದ್ದರೆ ಅವರು ಅದನ್ನೇ ತೋರಿಸುತ್ತಾರೆ.