ಮೊದಲ ಗೇಮಿಂಗ್–ಎಡಿಟಿಂಗ್ ಪಿಸಿ: ಯಾವ ಭಾಗಕ್ಕೆ ಯಾವುದು ಹೊಂದುತ್ತದೆ?

ನಮಸ್ಕಾರ. ಮೇಜಿನ ಮೇಲೆ ಕಾಣುತ್ತಿರುವ ಈ ಪೆಟ್ಟಿಗೆಗಳೆಲ್ಲ ಸೇರಿ ನನ್ನ ಮೊದಲ ಡೆಸ್ಕ್‌ಟಾಪ್ ಆಗಬೇಕಾಗಿದೆ. ವಿಡಿಯೊ ಎಡಿಟಿಂಗ್ ಮತ್ತು ಗೇಮಿಂಗ್ ಎರಡೂ ಇದರಲ್ಲೇ ನಡೆಯಬೇಕು. ಜೋಡಣೆ ಮುಂದಿನ ವಿಡಿಯೊದಲ್ಲಿ. ಇಂದು ಆಯ್ಕೆಯ ಮಾತು ಮಾತ್ರ.

ಯಾವ ಪ್ರೊಸೆಸರ್ ಹೆಚ್ಚು ವೇಗದ್ದು ಎಂಬ ಚರ್ಚೆ ಎಲ್ಲೆಡೆ ಸಿಗುತ್ತದೆ. ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ವೇಗವಲ್ಲ, ಕ್ಯಾಮೆರಾ. ಅದು 10 ಬಿಟ್, 4:2:2 ಬಣ್ಣದ ಎಚ್‌ಇವಿಸಿ ಫೈಲುಗಳನ್ನು, ಅಂದರೆ ಬಣ್ಣದ ವಿವರ ಹೆಚ್ಚಿರುವ, ಕುಗ್ಗಿಸಿದ ವಿಡಿಯೊಗಳನ್ನು ಕೊಡುತ್ತದೆ. ನಾನು ಆರಿಸಿರುವ ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಆಟಗಳಿಗೆ ಸೊಗಸಾಗಿದ್ದರೂ ಈ ಬಗೆಯ ಫೈಲನ್ನು ಹಾರ್ಡ್‌ವೇರ್ ಮಟ್ಟದಲ್ಲಿ ಡಿಕೋಡ್ ಮಾಡುವುದಿಲ್ಲ, ಅಂದರೆ ಕುಗ್ಗಿಸಿದ ವಿಡಿಯೊವನ್ನು ತಾನೇ ಬಿಚ್ಚಿಕೊಡುವುದಿಲ್ಲ. ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್, ಅದರಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗದಿಂದ, ಅದನ್ನು ಮಾಡುತ್ತದೆ. ಆದ್ದರಿಂದ ಕೋರ್ ಐ5-13600ಕೆ ತೆಗೆದುಕೊಂಡೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಮಾದರಿಗಳಲ್ಲಿ ಒಳಗಿನ ಗ್ರಾಫಿಕ್ಸ್ ಬಳಕೆಗೆ ಸಿಗುವುದಿಲ್ಲ. ಕೇವಲ ಆಟವಾಡುವವರಿಗೆ ಅದು ನಷ್ಟವೇ ಅಲ್ಲ, ಎಡಿಟಿಂಗ್ ಮಾಡುವವರು ಮಾತ್ರ ಆ ಒಂದು ಅಕ್ಷರವನ್ನು ಕಣ್ಣಿಟ್ಟು ನೋಡಬೇಕು.

ಪ್ರೊಸೆಸರ್ ನಿಶ್ಚಯವಾದೊಡನೆ ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಅದು ಕೂರುವ ಜಾಗ, ತಾನಾಗಿ ನಿಶ್ಚಯವಾಗುತ್ತದೆ. ಇದು ಎಲ್‌ಜಿಎ 1700. ಇಂಟೆಲ್‌ನ 12, 13 ಮತ್ತು 14ನೇ ಪೀಳಿಗೆಗಳು ಇದರಲ್ಲಿ ಕೂರುತ್ತವೆ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಎಲ್‌ಜಿಎ 1851ಕ್ಕೆ ಸೇರಿದವು. ಎಎಂಡಿ ಕಡೆ 2022ರಿಂದ ಎಎಂ5 ಇದೆ. ಸಾಕೆಟ್ ಹೊಂದಿದರೂ ಕೆಲಸ ಮುಗಿಯಲಿಲ್ಲ. ಪ್ರೊಸೆಸರಿಗಿಂತ ಮೊದಲೇ ತಯಾರಾದ ಮದರ್‌ಬೋರ್ಡಿನಲ್ಲಿ ಹಳೆಯ ಬಯಾಸ್ (ಪಿಸಿಯನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಇದ್ದರೆ ಅದು ಪ್ರೊಸೆಸರನ್ನು ಗುರುತಿಸದೆ ಇರಬಹುದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಅಸ್ಥಿರತೆಯ ಸಮಸ್ಯೆಗೆ 2024ರಲ್ಲಿ ಬಂದ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ) ಪರಿಹಾರವೂ ಬಯಾಸ್ ಮೂಲಕವೇ ಬರುತ್ತದೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ಮಾಡಬಲ್ಲ ಬಟನ್ ಇರುವ ಬಿ760 ಬೋರ್ಡನ್ನು ಹುಡುಕಿ ತಂದದ್ದು ಈ ಕಾರಣಕ್ಕೆ.

ಈಗ ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಎಡಗಡೆ ಇರುವುದು ಡಿಡಿಆರ್4 ರ್‍ಯಾಮ್, ಬಲಗಡೆ ಡಿಡಿಆರ್5. ಉದ್ದ ಒಂದೇ, ಪಿನ್ನುಗಳೂ ಎರಡರಲ್ಲೂ 288. ಆದರೆ ಕೆಳಗಿನ ಅಂಚಿನ ಕಚ್ಚನ್ನು ಗಮನಿಸಿ, ಅದರ ಜಾಗ ತುಸು ಸರಿದಿದೆ. ಒಂದರ ಸ್ಲಾಟಿಗೆ ಇನ್ನೊಂದು ಇಳಿಯದು, ಬಲ ಹಾಕಿದರೆ ಮುರಿಯುವುದಷ್ಟೇ. ಎಲ್‌ಜಿಎ 1700 ಬೋರ್ಡುಗಳು ಎರಡೂ ಬಗೆಯಲ್ಲಿ ದೊರೆಯುವುದರಿಂದ ಮಾದರಿಯ ಪೂರ್ತಿ ಹೆಸರನ್ನು ಓದಲೇಬೇಕು; ಎಎಂ5ನಲ್ಲಿ ಈ ಗೊಂದಲವಿಲ್ಲ, ಅಲ್ಲಿ ಡಿಡಿಆರ್5 ಮಾತ್ರ. 32 ಜಿಬಿಗೆ ನಾನು ಒಂದರ ಬದಲು 16ರ ಎರಡು ಸ್ಟಿಕ್‌ಗಳನ್ನು ತಂದಿದ್ದೇನೆ, ಡ್ಯುಯಲ್ ಚಾನೆಲ್‌ನ, ಅಂದರೆ ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಸಾಗಿಸುವುದರ ಲಾಭ ಸಿಗುವುದು ಹಾಗೆಯೇ. ಪೊಟ್ಟಣದ ಮೇಲಿನ 6000 ಎಂಬ ವೇಗವು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಸಿದ್ಧ ಸೆಟ್ಟಿಂಗನ್ನು ಆನ್ ಮಾಡುವವರೆಗೆ ಬರುವುದಿಲ್ಲ ಎಂಬುದನ್ನು ಪೊಟ್ಟಣ ಹೇಳುವುದಿಲ್ಲ.

ಪವರ್ ಸಪ್ಲೈ ವಿಷಯದಲ್ಲಿ ಲೆಕ್ಕ ಸರಳ. ಗ್ರಾಫಿಕ್ಸ್ ಕಾರ್ಡಿಗೆ 200 ವಾಟ್, ಪ್ರೊಸೆಸರಿಗೆ ಗರಿಷ್ಠ 181 ವಾಟ್. ಎನ್‌ವಿಡಿಯಾ ಈ ಕಾರ್ಡಿಗೆ ಸೂಚಿಸುವುದು 650 ವಾಟ್‌ನ ಪವರ್ ಸಪ್ಲೈ. ಕ್ಷಣಿಕವಾಗಿ ಏರುವ ಬಳಕೆಗೂ ಮುಂದಿನ ಕಾರ್ಡಿಗೂ ಜಾಗವಿರಲೆಂದು ನಾನು 750ಕ್ಕೆ ಹೋದೆ. 80 ಪ್ಲಸ್ ಮುದ್ರೆ ಸೂಚಿಸುವುದು ದಕ್ಷತೆಯನ್ನೇ ಹೊರತು ಒಟ್ಟಾರೆ ಗುಣಮಟ್ಟವನ್ನಲ್ಲ. ಕೇಬಲ್‌ಗಳನ್ನು ಬಿಚ್ಚಿ ಸಿಕ್ಕಿಸಬಹುದಾದ ಮಾಡ್ಯುಲರ್ ಸಪ್ಲೈ ಆದರೆ ಅದರೊಂದಿಗೆ ಬಂದ ಕೇಬಲ್‌ಗಳನ್ನಷ್ಟೇ ಬಳಸಬೇಕು. ಬೇರೆ ಸಪ್ಲೈಯ ಕೇಬಲ್ ಸಲೀಸಾಗಿ ಕೂತರೂ ಪಿನ್ನುಗಳ ಕ್ರಮ ಬೇರೆಯಾಗಿದ್ದು ಡ್ರೈವ್ ಸುಟ್ಟುಹೋಗಬಹುದು.

ಕೇಸಿಗೆ ಟೇಪು ಹಿಡಿಯಬೇಕು. ಗರಿಷ್ಠ ಎಷ್ಟು ಉದ್ದದ ಕಾರ್ಡ್, ಎಷ್ಟು ಎತ್ತರದ ಕೂಲರ್ ಹಿಡಿಯುತ್ತದೆ ಎಂಬ ಎರಡು ಅಳತೆಗಳು ಕೇಸಿನ ವಿವರಪಟ್ಟಿಯಲ್ಲಿ ಇರುತ್ತವೆ. ನೀರಿನ ಕೂಲರಿನ ರೇಡಿಯೇಟರನ್ನು ಮುಂಭಾಗಕ್ಕೆ ಹಾಕುವವರು ಸುಮಾರು 27 ಮಿ.ಮೀ. ರೇಡಿಯೇಟರ್, 25 ಮಿ.ಮೀ. ಫ್ಯಾನ್ ಎರಡನ್ನೂ ಕಾರ್ಡಿನ ಆ ಉದ್ದದಿಂದ ಕಳೆಯಬೇಕಾಗಬಹುದು. ನನ್ನದು ಏರ್ ಕೂಲರ್, ಹಾಗಾಗಿ ಎತ್ತರದ ಚಿಂತೆ ಮಾತ್ರ.

ಬೋರ್ಡಿಗೇ ನೇರವಾಗಿ ಕೂರುವ ಎಂ.2 ಎಸ್‌ಎಸ್‌ಡಿ ಎರಡಿವೆ: ಒಂದು ವಿಂಡೋಸ್ ಮತ್ತು ಆಟಗಳಿಗೆ, ಇನ್ನೊಂದು ಫುಟೇಜ್‌ಗೆ. ಎರಡೂ ಎನ್‌ವಿಎಂಇ, ಅಂದರೆ ವೇಗದ ಬಗೆಯವು. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದಾಗ ಒಂದು ಸಾಟಾ ಪೋರ್ಟ್ (ಕೇಬಲ್ ಮೂಲಕ ಡ್ರೈವ್ ಜೋಡಿಸುವ ಜಾಗ) ಕೆಲಸ ನಿಲ್ಲಿಸುತ್ತದೆ. ಈ ವಿಷಯ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ.

ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕು. ಹಾಗೆ ಮಾಡಿದಾಗ ಕೆಲವು ಬೋರ್ಡುಗಳು ಪ್ರೊಸೆಸರಿನ ಗ್ರಾಫಿಕ್ಸನ್ನು ಆಫ್ ಮಾಡಿಬಿಡುವುದರಿಂದ, ಕ್ವಿಕ್ ಸಿಂಕ್ ಬೇಕಾದವರು ಬಯಾಸ್‌ನಲ್ಲಿ ಅದನ್ನು ಮತ್ತೆ ಆನ್ ಮಾಡಬೇಕಾಗುತ್ತದೆ.